ರದ್ದಾದ ನೇಮಕ, ಮುಗಿದ ಪುಸ್ತಕ: ಇತಿಹಾಸಕಾರ ವಾಲ್ಟರ್ ರಾಡ್ನಿ ಪ್ರಕರಣ

1974ರಲ್ಲಿ, ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಪುಟ್ಟ ದೇಶ ಗಯಾನಾದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಬ್ಬ ಪ್ರಾಧ್ಯಾಪಕರು ಬೇಕಾಗಿದ್ದರು. ಆಯ್ಕೆಯಾದವರು ವಾಲ್ಟರ್ ರಾಡ್ನಿ. ವಯಸ್ಸು 32. ಲಂಡನ್ನಿನಲ್ಲಿ ಪಿಎಚ್‌ಡಿ, ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ ಹೊರತಂದ ಒಂದು ಸಂಶೋಧನಾ ಗ್ರಂಥ, ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಇನ್ನೊಂದು ಪುಸ್ತಕ, ಎರಡು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದ ಅನುಭವ. ಹುಟ್ಟಿ ಬೆಳೆದದ್ದು ಅದೇ ದೇಶದ ರಾಜಧಾನಿ ಜಾರ್ಜ್‌ಟೌನಿನಲ್ಲಿ. ವಿಷಯ ತಿಳಿದವರ ಸಮಿತಿ ಒಪ್ಪಿತ್ತು. ಅದರ ಮೇಲಿದ್ದ ಆಡಳಿತ ಮಂಡಳಿ ಮಾತ್ರ ನೇಮಕವನ್ನು ರದ್ದು ಮಾಡಿತು. ಮಂಡಳಿಯಲ್ಲಿ ಸರ್ಕಾರದ ಮಾತು ನಡೆಯುತ್ತಿತ್ತು. ಸರ್ಕಾರದಲ್ಲಿ ಪ್ರಧಾನಿ ಫೋರ್ಬ್ಸ್ ಬರ್ನ್‌ಹ್ಯಾಮ್ ಒಬ್ಬರದೇ ಮಾತು ನಡೆಯುತ್ತಿತ್ತು.

ಈ ಅಧ್ಯಯನ ಆ ಒಂದು ರದ್ದತಿಯ ಕುರಿತು. ಇಂಥ ಪ್ರಕರಣಗಳು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತವೆ. ವಿದ್ವಾಂಸ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ನೆಲೆಸುತ್ತಾನೆ, ಇಲ್ಲವೇ ಪುಸ್ತಕ ಮುಚ್ಚಿಟ್ಟು ಪೂರ್ತಿ ರಾಜಕಾರಣಿಯಾಗುತ್ತಾನೆ. ರಾಡ್ನಿ ಊರಲ್ಲೇ ಉಳಿದರು, ಬೀದಿಗಿಳಿದು ರಾಜಕೀಯವನ್ನೂ ಮಾಡಿದರು, ಸಂಬಳವಿಲ್ಲದ ಆ ಆರು ವರ್ಷಗಳಲ್ಲೇ ತಮ್ಮ ಅತ್ಯುತ್ತಮ ಸಂಶೋಧನೆಯನ್ನೂ ಮುಗಿಸಿದರು. ಆ ಪುಸ್ತಕ ಅವರದೇ ರಾಜಕೀಯಕ್ಕೆ ಪೂರ್ತಿ ಅನುಕೂಲವಾಗಿರಲಿಲ್ಲ. ಈ ಪ್ರಕರಣವನ್ನು ಬರೆಯಬೇಕೆನ್ನಿಸಿದ್ದೇ ಆ ಕಾರಣಕ್ಕೆ.

ದರ್ಜಿಯ ಮಗ, ಲಿಸ್ಬನ್ನಿನ ಕಡತಗಳು

ರಾಡ್ನಿ ಹುಟ್ಟಿದ್ದು 1942ರ ಮಾರ್ಚ್ 23ರಂದು, ಆಗಿನ್ನೂ ಬ್ರಿಟಿಷ್ ಗಯಾನಾ ಎನ್ನಿಸಿಕೊಂಡಿದ್ದ ವಸಾಹತಿನಲ್ಲಿ. ತಂದೆ ಬಟ್ಟೆ ಹೊಲಿಯುವವರು. ಮನೆಯಲ್ಲಿ ಪೀಪಲ್ಸ್ ಪ್ರೋಗ್ರೆಸಿವ್ ಪಾರ್ಟಿಯ ಒಲವು. ಹುಡುಗನಾಗಿದ್ದಾಗಲೇ ಪಕ್ಷದ ಕರಪತ್ರ ಹಂಚಿದವರು. ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನದ ಮೇಲೆ ಕ್ವೀನ್ಸ್ ಕಾಲೇಜು, ಅಲ್ಲಿಂದ 1960ರಲ್ಲಿ ಜಮೈಕಾದ ಮೋನಾದಲ್ಲಿದ್ದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕಾಲೇಜು. 1963ರಲ್ಲಿ ಇತಿಹಾಸದಲ್ಲಿ ಮೊದಲ ದರ್ಜೆ. ಮುಂದೆ ಲಂಡನ್ನಿನ ಸ್ಕೂಲ್ ಆಫ್ ಓರಿಯಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್. 1966ರಲ್ಲಿ, 24ನೇ ವಯಸ್ಸಿಗೆ, ಡಾಕ್ಟರೇಟ್.

ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಪಶ್ಚಿಮ ಆಫ್ರಿಕಾದ ಅಪ್ಪರ್ ಗಿನಿ ಕರಾವಳಿ, ಕಾಲ 1545ರಿಂದ 1800. ಆ ಕರಾವಳಿಗೆ ಮೊದಲು ಬಂದ ಯುರೋಪಿಯನ್ನರು ಪೋರ್ಚುಗೀಸರಾದ್ದರಿಂದ ದಾಖಲೆಗಳೂ ಅವರ ಭಾಷೆಯಲ್ಲೇ ಇದ್ದವು. ರಾಡ್ನಿ ಪೋರ್ಚುಗೀಸ್, ಸ್ಪ್ಯಾನಿಷ್ ಕಲಿತು ಲಿಸ್ಬನ್ ಮತ್ತು ಸೆವಿಲ್‌ನ ಕಡತಗಳಲ್ಲಿ ಕುಳಿತರು. ಅಲ್ಲಿ ಅವರು ಎತ್ತಿದ ಪ್ರಶ್ನೆ ಇಂದಿಗೂ ತಣ್ಣಗಾಗಿಲ್ಲ. ಯುರೋಪಿಯನ್ನರು ಬರುವ ಮೊದಲೇ ಆಫ್ರಿಕಾದಲ್ಲಿ ಗುಲಾಮಗಿರಿ ಇತ್ತು, ಅವರು ಇದ್ದದ್ದನ್ನೇ ಕೊಂಡುಕೊಂಡರು ಎಂಬ ಮಾತನ್ನು ರಾಡ್ನಿ ಒಪ್ಪಲಿಲ್ಲ. ಈ ಕರಾವಳಿಯ ಮಟ್ಟಿಗಾದರೂ, ಆರಂಭದ ದಾಖಲೆಗಳಲ್ಲಿ ಅಂಥ ಗುಲಾಮ ವರ್ಗ ಕಾಣುವುದಿಲ್ಲ. ಅಟ್ಲಾಂಟಿಕ್ ವ್ಯಾಪಾರವೇ ಒಳನಾಡಿನ ಗುಲಾಮಗಿರಿಯನ್ನು ಬೆಳೆಸಿತು ಎಂದು 1966ರ ಲೇಖನವೊಂದರಲ್ಲಿ ವಾದಿಸಿದರು. ಜೆ. ಡಿ. ಫೇಜ್ ಅವರಂಥ ಹಿರಿಯ ಆಫ್ರಿಕಾ ಇತಿಹಾಸಕಾರರು ಇದನ್ನು ವಿರೋಧಿಸಿ ಬರೆದರು. ಚರ್ಚೆಯ ಫಲ ಏನೇ ಇರಲಿ, ವಿದ್ವತ್ ವಲಯ ಈ ಯುವಕನಿಗೆ ಉತ್ತರ ಕೊಡಲೇಬೇಕಾಗಿ ಬಂದಿತ್ತು.

1968ರ ಜನವರಿಯಲ್ಲಿ ರಾಡ್ನಿ ತಾವು ಓದಿದ ಮೋನಾಕ್ಕೇ ಉಪನ್ಯಾಸಕರಾಗಿ ಬಂದರು. ಕ್ಲಾಸು ಮುಗಿಸಿ ಕಿಂಗ್‌ಸ್ಟನ್ನಿನ ಕೊಳಗೇರಿಗಳಿಗೆ ಹೋಗಿ, ಆಫ್ರಿಕಾವನ್ನೇ ತಾಯ್ನಾಡೆಂದು ನಂಬಿದ ರಾಸ್ತಫಾರಿ ಪಂಥದವರ ಜೊತೆ, ಕೆಲಸವಿಲ್ಲದ ಹುಡುಗರ ಜೊತೆ ಕೂತು ಆಫ್ರಿಕಾದ ಚರಿತ್ರೆ ಹೇಳುತ್ತಿದ್ದರು. ಜಮೈಕಾ ಸರ್ಕಾರಕ್ಕೆ ಇದು ಸಹಿಸಲಿಲ್ಲ. ಅಕ್ಟೋಬರಿನಲ್ಲಿ ಅವರು ಮಾಂಟ್ರಿಯಲ್‌ನ ಕಪ್ಪು ಲೇಖಕರ ಸಮ್ಮೇಳನ ಮುಗಿಸಿ ಮರಳಿದಾಗ, 15ನೇ ತಾರೀಕು, ವಿಮಾನದಿಂದ ಇಳಿಯಲು ಬಿಡಲಿಲ್ಲ. ಮರುದಿನ ವಿದ್ಯಾರ್ಥಿಗಳು ತಮ್ಮ ಕೆಂಪು ಗೌನು ತೊಟ್ಟು ಮೆರವಣಿಗೆ ಹೊರಟರು; ಪೊಲೀಸರು ಅಶ್ರುವಾಯು ಸಿಡಿಸಿದರು; ಸಂಜೆಯೊಳಗೆ ನಗರದ ಬಡವರೂ ಬೀದಿಗಿಳಿದರು. ಆ ಗಲಭೆಗೆ ಚರಿತ್ರೆಯಲ್ಲಿ ಉಳಿದ ಹೆಸರೇ ‘ರಾಡ್ನಿ ಗಲಭೆ’. ಹೀಗಾಗಿ 1974ರ ಗಯಾನಾದ್ದು ಮೊದಲ ಪೆಟ್ಟೇನಲ್ಲ. ಆದರೆ ಜಮೈಕಾದಲ್ಲಿ ಅವರು ಪರದೇಶದವರು. ಇದು ಸ್ವಂತ ಊರು.

ನಡುವಿನ ವರ್ಷಗಳು ಟಾಂಜಾನಿಯಾದಲ್ಲಿ. 1969ರಿಂದ 1974ರವರೆಗೆ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ ಪಾಠ. ಅಲ್ಲಿನ ಅಧ್ಯಕ್ಷ ಜೂಲಿಯಸ್ ನೈರೇರೆ 1967ರ ಅರೂಷಾ ಘೋಷಣೆಯಲ್ಲಿ ಸಮಾಜವಾದದ ದಾರಿ ಸಾರಿದ್ದರು. ದಕ್ಷಿಣ ಆಫ್ರಿಕಾ ಭಾಗದ ವಿಮೋಚನಾ ಚಳವಳಿಗಳು ಅಲ್ಲಿ ಕಚೇರಿ ತೆರೆದಿದ್ದವು. 1972ರಲ್ಲಿ ಬಂದ ‘ಹೌ ಯುರೋಪ್ ಅಂಡರ್‌ಡೆವಲಪ್ಡ್ ಆಫ್ರಿಕಾ’ ಅಲ್ಲಿನ ಫಸಲು. ಆಫ್ರಿಕಾದ ಬಡತನ ಹಿಂದುಳಿದವರ ಸ್ವಂತ ದೋಷವಲ್ಲ, ಯುರೋಪಿನ ಸಿರಿತನದ ಇನ್ನೊಂದು ಮಗ್ಗುಲು ಎಂಬುದು ಅದರ ವಾದ. ಲಂಡನ್ನಿನಲ್ಲಿ ಅದನ್ನು ಹೊರತಂದದ್ದು ಗಯಾನಾದಿಂದಲೇ ಹೋಗಿದ್ದ ಹಂಟ್ಲಿ ದಂಪತಿಯ ಪುಟ್ಟ ಪ್ರಕಾಶನ. ನನ್ನ ಅಭಿಪ್ರಾಯದಲ್ಲಿ ಅದು ರಾಡ್ನಿಯವರ ಅತಿ ಪ್ರಸಿದ್ಧ ಪುಸ್ತಕ, ಅತಿ ಒಳ್ಳೆಯ ಪುಸ್ತಕವಲ್ಲ. ಖಂಡವೊಂದರ ಐದು ಶತಮಾನವನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಆಫ್ರಿಕಾದ ಜನ ತಾವೇ ಏನು ಮಾಡಿದರು ಎಂಬುದು ಮಸುಕಾಗುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆ ಕೊರತೆಯನ್ನು ತುಂಬಿದ್ದು ಕೆಲಸ ಕಳೆದುಕೊಂಡ ಮೇಲೆ ಬರೆದ ಪುಸ್ತಕ.

ಆ ಹುದ್ದೆ ಯಾವ ದೇಶದ್ದು

ಗಯಾನಾ ಎಂದರೆ ನಮ್ಮಲ್ಲಿ ಒಂದು ತಲೆಮಾರಿಗೆ ನೆನಪಾಗುವುದು ಕ್ರಿಕೆಟ್ಟು. ಇದೇ 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆಯಿತು, ವೆಸ್ಟ್ ಇಂಡೀಸ್ ವಿರುದ್ಧ. ಮೊದಲ ಇನಿಂಗ್ಸಿನಲ್ಲಿ ಆಲ್ವಿನ್ ಕಾಳೀಚರಣ್ 124, ಎರಡನೆಯದರಲ್ಲಿ ನಾಯಕ ಕ್ಲೈವ್ ಲಾಯ್ಡ್ 163. ಇಬ್ಬರೂ ಗಯಾನಾದವರು. ಒಬ್ಬರು ಕಬ್ಬಿನ ಎಸ್ಟೇಟಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ವಂಶ, ಇನ್ನೊಬ್ಬರು ಗುಲಾಮರಾಗಿ ಹೋದ ಆಫ್ರಿಕನ್ನರ ವಂಶ. ಕಬ್ಬನ್ ಪಾರ್ಕಿನ ಪಕ್ಕ ಒಂದೇ ತಂಡದಲ್ಲಿ ಆಡಿದ ಈ ಎರಡು ಜನಾಂಗಗಳು ತಮ್ಮ ದೇಶದಲ್ಲಿ ಮತಪೆಟ್ಟಿಗೆಯ ಮುಂದೆ ಬೇರೆ ಬೇರೆ ಸಾಲಿನಲ್ಲಿ ನಿಂತಿದ್ದವು.

ಅದು ತಾನಾಗಿ ಆದದ್ದಲ್ಲ. ಆಗ ಜನಸಂಖ್ಯೆಯಲ್ಲಿ ಅರ್ಧದಷ್ಟು ಭಾರತೀಯ ಮೂಲದವರು, ಮೂರನೇ ಒಂದು ಭಾಗದ ಆಸುಪಾಸು ಆಫ್ರಿಕನ್ ಮೂಲದವರು. 1950ರಲ್ಲಿ ಭಾರತೀಯ ಮೂಲದ ಚೆಡ್ಡಿ ಜಗನ್ ಮತ್ತು ಆಫ್ರಿಕನ್ ಮೂಲದ ಬರ್ನ್‌ಹ್ಯಾಮ್ ಸೇರಿ ಕಟ್ಟಿದ ಪೀಪಲ್ಸ್ ಪ್ರೋಗ್ರೆಸಿವ್ ಪಾರ್ಟಿಯಲ್ಲಿ ಎರಡೂ ಕಡೆಯ ದುಡಿಯುವ ಜನ ಇದ್ದರು. 1953ರಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಅವರ ಸರ್ಕಾರವನ್ನು ಬ್ರಿಟನ್ 133 ದಿನಕ್ಕೆ ಕಿತ್ತುಹಾಕಿತು, ಸೈನ್ಯ ಇಳಿಸಿತು. 1955ರಲ್ಲಿ ಪಕ್ಷ ಒಡೆಯಿತು. ಒಡಕು ಬರಬರುತ್ತ ಜನಾಂಗದ ಗೆರೆಯಗುಂಟ ಗಟ್ಟಿಯಾಯಿತು. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಜಗನ್ ಬೇಡವೆಂದು ವಾಷಿಂಗ್ಟನ್ ಲಂಡನ್ನಿನ ಮೇಲೆ ಒತ್ತಡ ಹೇರಿತು. 1963ರ 80 ದಿನಗಳ ಮುಷ್ಕರಕ್ಕೆ ಅಮೆರಿಕದ ಕಾರ್ಮಿಕ ಸಂಘಟನೆಗಳ ಮೂಲಕ ಸಿಐಎ ದುಡ್ಡು ಹರಿಯಿತು. ಆ ವರ್ಷಗಳ ಕೊಲೆ, ಬೆಂಕಿಗಳಲ್ಲಿ ನೆರೆಹೊರೆಯವರೇ ಪರಸ್ಪರ ಮನೆ ಸುಟ್ಟರು. 1964ರಲ್ಲಿ ಚುನಾವಣೆಯ ಪದ್ಧತಿಯನ್ನೇ ಬದಲಿಸಿ ಬರ್ನ್‌ಹ್ಯಾಮರನ್ನು ಕೂರಿಸಲಾಯಿತು. 1966ರ ಮೇ 26ರಂದು ಸ್ವಾತಂತ್ರ್ಯ. ಆಮೇಲಿನ ಚುನಾವಣೆಗಳಲ್ಲಿ ಮೋಸ ನಡೆಯಿತು. 1973ರಲ್ಲಂತೂ ಮತಪೆಟ್ಟಿಗೆಗಳನ್ನು ಸೈನ್ಯವೇ ಹೊತ್ತೊಯ್ದಿತು. ಜನಾಂಗ, ದುಡಿಮೆ, ದೊಡ್ಡ ದೇಶಗಳ ಆಟ: ರಾಡ್ನಿ ಬೇರೆ ಖಂಡದಲ್ಲಿ ಓದುತ್ತಿದ್ದ ಮೂರೂ ವಿಷಯಗಳು ಅವರ ಹುಟ್ಟೂರಲ್ಲಿ ಒಂದೇ ಗಂಟಾಗಿ ಬಿಗಿದುಕೊಂಡಿದ್ದವು.

ವಿಶ್ವವಿದ್ಯಾಲಯವೂ ಇದರಿಂದ ಹೊರಗಿರಲಿಲ್ಲ. 1963ರಲ್ಲಿ ಜಗನ್ ಸರ್ಕಾರ ಅದನ್ನು ಆರಂಭಿಸಿದಾಗ ಸ್ವಂತ ಕಟ್ಟಡವಿರಲಿಲ್ಲ. ರಾಡ್ನಿ ಓದಿದ ಕ್ವೀನ್ಸ್ ಕಾಲೇಜಿನಲ್ಲೇ ಸಂಜೆ ಹೊತ್ತು ತರಗತಿಗಳು. ವಿರೋಧಿಗಳು ಅದನ್ನು ‘ಜಗನ್ನನ ರಾತ್ರಿ ಶಾಲೆ’ ಎಂದು ಆಡಿಕೊಂಡರು. ಆಡಿಕೊಂಡವರ ಕೈಗೇ ಮುಂದಿನ ವರ್ಷ ಅದರ ಲಗಾಮು ಸಿಕ್ಕಿತು.

ಬರ್ನ್‌ಹ್ಯಾಮ್ ಹೊರಗೆ ಆಫ್ರಿಕಾದ ವಿಮೋಚನೆಯ ಬೆಂಬಲಿಗ, ಸಮಾಜವಾದಿ, ಅಲಿಪ್ತ ಚಳವಳಿಯ ಮುಂದಾಳು. ಹಾಗಿದ್ದ ಮೇಲೆ ಆಫ್ರಿಕಾದ ಇತಿಹಾಸ ಬರೆದ ಕಪ್ಪು ಪ್ರಾಧ್ಯಾಪಕ ಅವರಿಗೆ ಶೋಭೆ ತರಬೇಕಿತ್ತಲ್ಲ? ತೊಡಕು ಅಲ್ಲೇ ಇತ್ತು. ರಾಡ್ನಿ ಆಫ್ರಿಕನ್ ಮೂಲದವರು. ಆಫ್ರಿಕನ್ನರ ನಾಯಕ ತಾನೊಬ್ಬನೇ ಎಂಬ ಬರ್ನ್‌ಹ್ಯಾಮರ ಹಕ್ಕುಸಾಧನೆಯನ್ನು ಅವರು ಒಳಗಿನಿಂದ ಪ್ರಶ್ನಿಸಬಲ್ಲವರಾಗಿದ್ದರು. 1974ರ ಜೂನ್‌ನಲ್ಲಿ ದಾರ್ ಎಸ್ ಸಲಾಮಿನಲ್ಲಿ ನಡೆದ ಆರನೇ ಪ್ಯಾನ್ ಆಫ್ರಿಕನ್ ಕಾಂಗ್ರೆಸ್ಸಿಗೆ ಅವರು ಬರೆದ ಪ್ರಬಂಧ ನೇರವಾಗಿ ಈ ಮರ್ಮಕ್ಕೇ ಕೈಹಾಕಿತ್ತು. ಸ್ವತಂತ್ರ ದೇಶಗಳಲ್ಲಿ ಗದ್ದುಗೆ ಏರಿದ ಕಪ್ಪು ಆಳುವ ವರ್ಗ ತನ್ನದೇ ಬಣ್ಣದ ದುಡಿಯುವವರ ಹೆಗಲ ಮೇಲೆ ಕೂತಿದೆ. ಬಣ್ಣದ ಒಗ್ಗಟ್ಟಿನ ಹೆಸರಲ್ಲಿ ಇದನ್ನು ಮುಚ್ಚಬಾರದು ಎಂಬುದು ಅದರ ಸಾರ. ಆ ಹೊತ್ತಿಗೆ ಕಾಯಿಲೆ ಬಿದ್ದಿದ್ದರಿಂದ ಸಭೆಗೆ ಹೋಗಲಾಗಲಿಲ್ಲ, ಪ್ರಬಂಧ ಮಾತ್ರ ಓಡಾಡಿತು.

ರದ್ದತಿಯ ನಂತರ

ನೇಮಕ ರದ್ದಾದ ಸುದ್ದಿಗೆ ಜಾರ್ಜ್‌ಟೌನಿನಲ್ಲಿ ಪ್ರತಿಭಟನಾ ಸಭೆಗಳಾದವು. ಅವುಗಳಲ್ಲಿ ಜಗನ್ ಮತ್ತು ಆಫ್ರಿಕನ್ ಸಂಘಟನೆಯ ಯೂಸಿ ಕ್ವಯಾನಾ ಒಂದೇ ವೇದಿಕೆ ಹತ್ತಿದರು. 1960ರ ದಶಕದ ರಕ್ತಪಾತ ಕಂಡವರಿಗೆ ಇದು ಸಣ್ಣ ದೃಶ್ಯವಲ್ಲ. ಅದೇ ವರ್ಷ ಕ್ವಯಾನಾ ಅವರ ಆಸ್ಕ್ರಿಯಾ, ಮೋಸೆಸ್ ಭಗವಾನ್ ಅವರ ಭಾರತೀಯ ಮೂಲದವರ ಗುಂಪು, ವಿಶ್ವವಿದ್ಯಾಲಯದವರ ‘ರಟೂನ್’ ಮೊದಲಾದವು ಸೇರಿ ವರ್ಕಿಂಗ್ ಪೀಪಲ್ಸ್ ಅಲಯನ್ಸ್ ಹುಟ್ಟಿತು. ಒಬ್ಬ ಪ್ರಾಧ್ಯಾಪಕನನ್ನು ಕ್ಲಾಸಿನಿಂದ ಹೊರಗಿಡಲು ಹೋಗಿ ಸರ್ಕಾರ ಅವರಿಗೆ ಊರಗಲದ ಕ್ಲಾಸು ಒದಗಿಸಿತು.

ಅನ್ನದ ದಾರಿ? ಹೊರದೇಶದ ಅತಿಥಿ ಉಪನ್ಯಾಸಗಳು. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗಿ ಪಾಠ ಮಾಡಿ ಬರುವುದು, 1978ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಂದು ಉಪನ್ಯಾಸ ಮಾಲೆ. ಎರಡನೇ ಮಹಾಯುದ್ಧದ ಕಾಲದ ಟಾಂಜಾನಿಯಾದ ಆರ್ಥಿಕತೆಯ ಮೇಲಿನ ಅವರ ಅಧ್ಯಯನವನ್ನು 1976ರಲ್ಲಿ ಕಾರ್ನೆಲ್ ಪ್ರಕಟಿಸಿತು. ಬೇಕಿದ್ದರೆ ಅಲ್ಲೇ ಉಳಿದುಬಿಡಬಹುದಿತ್ತು, ಕರೆಯುವವರೂ ಇದ್ದರು. ಮೂರು ಮಕ್ಕಳಿದ್ದ ಮನೆ ಅದು. ಹೆಂಡತಿ ಪ್ಯಾಟ್ರಿಶಿಯಾ ಜಮೈಕಾದ ಬಹಿಷ್ಕಾರದಿಂದ ಹಿಡಿದು ಎಲ್ಲವನ್ನೂ ಜೊತೆಯಲ್ಲಿ ಅನುಭವಿಸಿದವರು. ‘ತ್ಯಾಗ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುವ ಜೀವನಚರಿತ್ರೆಗಳು ಆ ಮನೆಯ ತಿಂಗಳ ಖರ್ಚು ಹೇಗೆ ನಡೆಯಿತೆಂದು ಕೇಳುವುದೇ ಇಲ್ಲ.

ಊರಲ್ಲಿದ್ದಾಗ ರಾಡ್ನಿಯವರ ಪಾಠ ನಡೆಯುತ್ತಿದ್ದುದು ಮನೆಗಳ ಕೆಳಗೆ. ಗಯಾನಾದ ಕರಾವಳಿ ತಗ್ಗು. ನೀರು ನುಗ್ಗುತ್ತದೆಂದು ಮನೆಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಕೆಳಗಿನ ಬಯಲು ಜಾಗಕ್ಕೆ ‘ಬಾಟಮ್ ಹೌಸ್’ ಎನ್ನುತ್ತಾರೆ. ಉಯ್ಯಾಲೆ ಬಲೆ ಕಟ್ಟಿ ಮಲಗುವುದು, ಬಟ್ಟೆ ಒಣಗಿಸುವುದು, ಮದುವೆಯ ಅಡುಗೆ ಎಲ್ಲ ಅಲ್ಲೇ. ಅಲಯನ್ಸಿನ ಸಭೆಗಳೂ ಅಲ್ಲೇ ಸೇರಿದವು. ಲಿಂಡನ್ನಿನ ಬಾಕ್ಸೈಟ್ ಗಣಿಯ ಕೆಲಸಗಾರರಲ್ಲಿ ಬಹುಪಾಲು ಆಫ್ರಿಕನ್ನರು, ಕಬ್ಬಿನ ಎಸ್ಟೇಟುಗಳಲ್ಲಿ ಬಹುಪಾಲು ಭಾರತೀಯರು. ಎರಡೂ ಕಡೆ ಹೋಗಿ ಕೂರುತ್ತಿದ್ದರು.

ಹತ್ತು ಕೋಟಿ ಟನ್ ಜೇಡಿಮಣ್ಣು

ಉಳಿದ ಹೊತ್ತು ಜಾರ್ಜ್‌ಟೌನಿನ ರಾಷ್ಟ್ರೀಯ ದಾಖಲೆಗಳ ಕಚೇರಿ. ಅಲ್ಲಿ ಕೂತು ಬರೆದದ್ದು 1881ರಿಂದ 1905ರವರೆಗಿನ ಗಯಾನಾದ ದುಡಿಯುವ ಜನರ ಇತಿಹಾಸ.

ಪುಸ್ತಕ ಆರಂಭವಾಗುವುದು ಯಾವ ನಾಯಕನಿಂದಲೂ ಅಲ್ಲ, ಮಣ್ಣಿನಿಂದ. ಗಯಾನಾದ ಕಬ್ಬಿನ ಗದ್ದೆಗಳಿರುವ ಪಟ್ಟಿ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಮುಂದೆ ಕಡಲು, ಹಿಂದೆ ಜೌಗು. ಎರಡೂ ಕಡೆ ಏರಿ ಹಾಕಬೇಕು, ನಡುವಿನ ಮಳೆನೀರನ್ನು ಬಸಿಗಾಲುವೆಗಳಲ್ಲಿ ಹೊರಗೆ ಬಿಡಬೇಕು, ಇಳಿತದ ಹೊತ್ತಿಗೆ ತೂಬು ಎತ್ತಬೇಕು, ಉಬ್ಬರಕ್ಕೆ ಮುಂಚೆ ಇಳಿಸಬೇಕು. ಕಬ್ಬು ಸಾಗಿಸಲು ಇನ್ನೊಂದು ಸಾಲು ಕಾಲುವೆ, ದೋಣಿಗಳಿಗೆ. ಸಕ್ಕರೆ ಉದ್ಯಮದ ವಿಚಾರಣೆಗೆ 1948ರಲ್ಲಿ ನೇಮಿಸಿದ್ದ ವೆನ್ ಆಯೋಗದ ವರದಿ ಲೆಕ್ಕ ಕೊಟ್ಟಿತ್ತು: ಒಂದು ಚದರ ಮೈಲಿ ಕಬ್ಬಿಗೆ 49 ಮೈಲಿ ಬಸಿಗಾಲುವೆ, 16 ಮೈಲಿ ಎತ್ತರದ ಕಾಲುವೆ. ಇದನ್ನೆಲ್ಲ ಮೊದಲು ತೋಡುವಾಗ ಎತ್ತಿದ ಮಣ್ಣು ಕನಿಷ್ಠ ಹತ್ತು ಕೋಟಿ ಟನ್ ಎಂದು ಅದೇ ವರದಿಯ ಅಂದಾಜು.

ಆಯೋಗಕ್ಕೆ ಅದೊಂದು ಎಂಜಿನಿಯರಿಂಗ್ ಅಂಕಿ. ಅದನ್ನು ರಾಡ್ನಿ ಎತ್ತಿಕೊಂಡು ಒಂದು ಪ್ರಶ್ನೆ ಹಾಕಿದರು: ಎತ್ತಿದವರು ಯಾರು? ಗುಲಾಮರು. ಏನಿಂದ? ಸಲಿಕೆಯಿಂದ. ನೀರು ಕುಡಿದ ಜೇಡಿ, ಸದಾ ಕೆಸರು, ಮೊಣಕಾಲು ಮಟ್ಟದ ನೀರು. ಡಚ್ಚರ ಜಾಣ್ಮೆ, ಇಂಗ್ಲಿಷರ ಬಂಡವಾಳ ಎಂದು ಶಾಲೆಯ ಪುಸ್ತಕ ಹೊಗಳುತ್ತಿದ್ದ ಕರಾವಳಿಯನ್ನು ನಿಜಕ್ಕೂ ಮನುಷ್ಯರು ಬದುಕುವ ಜಾಗವಾಗಿ ಮಾಡಿದ್ದು ಈ ದುಡಿಮೆ. ಸಂಶೋಧಕ ಎಂದರೆ ಹೊಸ ದಾಖಲೆ ಹುಡುಕುವವನು ಎಂಬ ನಂಬಿಕೆ ನಮ್ಮಲ್ಲಿ ಜೋರಾಗಿದೆ. ಇಲ್ಲಿ ಹೊಸ ದಾಖಲೆ ಒಂದೂ ಇಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗೇ ಇದ್ದ ಅಂಕಿಗೆ ಕರ್ತೃಪದ ಸಿಕ್ಕಿತು, ಅಷ್ಟೇ.

ಇದೇ ಓದನ್ನು ಅವರು ತೋಟದ ಮಾಲೀಕರ ಪತ್ರಿಕೆ ‘ಆರ್ಗೊಸಿ’ಯ ಮೇಲೂ ಪ್ರಯೋಗಿಸಿದರು. ಎಸ್ಟೇಟುಗಳ ಸುತ್ತಾಟದ ಅದರ ವರದಿಗಳನ್ನು ಸಂಪಾದಿಸಿ 1979ರಲ್ಲಿ ಬೇರೆಯಾಗಿಯೇ ಪ್ರಕಟಿಸಿದರು. ಮಾಲೀಕರ ಗೊಣಗಾಟವೇ ಕೂಲಿಯವರ ಚೌಕಾಸಿಗೆ ಸಾಕ್ಷಿಯಾಯಿತು. ಸಲಿಕೆ ಕೆಲಸದ ಆಫ್ರಿಕನ್ ತಂಡಗಳು ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ, ತೋಡಬೇಕಾದ ಕಾಲುವೆಯ ಅಳತೆ ನೋಡಿ ಗುತ್ತಿಗೆ ಮಾತಾಡುತ್ತಿದ್ದವು. ದರ ಸರಿಬರದಿದ್ದರೆ ಸಲಿಕೆ ಹೆಗಲಿಗೇರಿಸಿ ನಡೆದುಬಿಡುತ್ತಿದ್ದವು. ಇದನ್ನೇ ಮಾಲೀಕರು ಸೋಮಾರಿತನ ಎಂದು ಬರೆದರು.

ಎರಡು ಗುಂಪು, ಎರಡು ಹೋರಾಟ

1838ರ ಆಗಸ್ಟ್ 1ಕ್ಕೆ ಗುಲಾಮಗಿರಿ ಪೂರ್ತಿ ಮುಗಿಯಿತು. ಅದಕ್ಕೆ ಮೂರು ತಿಂಗಳು ಮುಂಚೆಯೇ, ಮೇ 5ರಂದು, ಕಲ್ಕತ್ತದಿಂದ ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳು ಮೊದಲ ಭಾರತೀಯ ಕೂಲಿಗಳನ್ನು ಇಳಿಸಿದ್ದವು. 1917ರವರೆಗೆ ಹೀಗೆ ಬಂದವರು ಸುಮಾರು 2,39,000. ಐದು ವರ್ಷದ ಕರಾರು. ಕೆಲಸಕ್ಕೆ ಗೈರಾದರೆ ಸಂಬಳ ಕಡಿತಕ್ಕೆ ಮುಗಿಯುತ್ತಿರಲಿಲ್ಲ, ಅದು ಅಪರಾಧ, ಜೈಲು.

ಬಿಡುಗಡೆಯಾದ ಆಫ್ರಿಕನ್ನರು ಈ ಹೊತ್ತಿಗೆ ಭೂಮಿ ಕೊಳ್ಳತೊಡಗಿದ್ದರು. 1839ರಲ್ಲಿ 83 ಮಂದಿ ಒಟ್ಟಾಗಿ ಒಂದು ಎಸ್ಟೇಟನ್ನೇ ಕೊಂಡು ವಿಕ್ಟೋರಿಯಾ ಎಂಬ ಹಳ್ಳಿ ಕಟ್ಟಿದರು. ದುಡ್ಡನ್ನು ತಳ್ಳುಗಾಡಿಯಲ್ಲಿ ಹೊತ್ತೊಯ್ದರು ಎಂದು ಆ ಕಡೆಯ ಜನ ಇಂದೂ ಹೇಳುತ್ತಾರೆ. ಆದರೆ ಏರಿ, ತೂಬುಗಳ ಖರ್ಚು ಹಳ್ಳಿಗೆ ಭಾರ. ಜೀವನಕ್ಕೆ ಮತ್ತೆ ಎಸ್ಟೇಟಿನ ಕೂಲಿಯೇ ಗತಿ, ಮತ್ತು ಅಲ್ಲಿ ಕರಾರಿನ ಕೂಲಿಗಳಿಂದಾಗಿ ದರ ಏರುತ್ತಿರಲಿಲ್ಲ. ಆ ಕೂಲಿಗಳನ್ನು ತರುವ ವೆಚ್ಚದ ಒಂದು ಭಾಗ ಸರ್ಕಾರಿ ಬೊಕ್ಕಸದಿಂದ ಹೋಗುತ್ತಿತ್ತು; ಬೊಕ್ಕಸಕ್ಕೆ ತೆರಿಗೆ ಕಟ್ಟುವವರಲ್ಲಿ ಆಫ್ರಿಕನ್ನರೂ ಇದ್ದರು. ತಮ್ಮ ಕೂಲಿ ಇಳಿಸಲು ತಾವೇ ತೆರಿಗೆ ಕಟ್ಟುವುದು! ಭಾರತೀಯರ ಆಮದಿಗೆ ಅವರ ವಿರೋಧವನ್ನು ಬರಿಯ ಜನಾಂಗದ್ವೇಷ ಎಂದು ಎಣಿಸಬಾರದು ಎಂದು ರಾಡ್ನಿ ತೋರಿಸಿದ್ದು ಹೀಗೆ.

ಇನ್ನೊಂದು ಕಡೆ, ಭಾರತೀಯ ಕೂಲಿ ಎಂದರೆ ಬಗ್ಗಿ ನಡೆಯುವವನು ಎಂಬ ಮಾಲೀಕರ ಚಿತ್ರವನ್ನೂ ಅವರು ಒಡೆದರು. ವಲಸೆ ಇಲಾಖೆಯ ವರದಿಗಳ ತುಂಬ ಮುಷ್ಕರಗಳು. 1896ರಲ್ಲಿ ನಾನ್‌ಪರೇಲ್ ಎಸ್ಟೇಟಿನಲ್ಲಿ ಪೊಲೀಸರ ಗುಂಡಿಗೆ ಭಾರತೀಯ ಕೂಲಿಗಳು ಸತ್ತರು. ಬಗ್ಗಿ ನಡೆಯುವವರ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ಸುಲಭವಾಗಿತ್ತು. ಎರಡೂ ಗುಂಪು ಒಂದೇ ಮಾಲೀಕನ ವಿರುದ್ಧ ಬಡಿದಾಡಿದವು, ಆದ್ದರಿಂದ ಎರಡೂ ಒಂದಾಗಿದ್ದವು ಎಂದು ಬರೆದುಬಿಡಬಹುದಿತ್ತು. ಅಲಯನ್ಸಿನ ವೇದಿಕೆಗೆ ಬೇಕಾಗಿದ್ದೂ ಅದೇ. ರಾತ್ರಿ ಸಭೆಯಲ್ಲಿ ಏಕತೆಯ ಕರೆ ಕೊಡುತ್ತಿದ್ದವರಿಗೆ ಹಗಲು ಕಡತಗಳಲ್ಲಿ ಏಕತೆಯ ಪುರಾವೆ ಕಾಣಬೇಕೆಂಬ ಆಸೆ ಇಲ್ಲದಿರಲು ಸಾಧ್ಯವೇ?

ರಾಡ್ನಿ ಬರೆದದ್ದು ಬೇರೆ. ಗುಲಾಮರ ವಂಶಸ್ಥರ ಹೋರಾಟ ಒಂದು ಹಾದಿಯಲ್ಲಿ, ಕರಾರಿನ ಕೂಲಿಗಳದ್ದು ಇನ್ನೊಂದು ಹಾದಿಯಲ್ಲಿ, ಬಹುಮಟ್ಟಿಗೆ ತಮ್ಮ ಪಾಡಿಗೆ ತಾವು ಸಾಗಿದವು. ಊಟ, ಉಡುಗೆ, ಮಾತು, ಕ್ರಿಕೆಟ್ಟುಗಳಲ್ಲಿ ಬೆರಕೆ ಶುರುವಾಗಿತ್ತು. ಹೋರಾಟವನ್ನು ಒಂದುಗೂಡಿಸುವಷ್ಟು ಅದು ಬಲಿತಿರಲಿಲ್ಲ. ಒಂದು ಗುಂಪು ಇನ್ನೊಂದನ್ನು ಹೀಯಾಳಿಸಲು ಮಾಲೀಕರ ಬೈಗುಳಗಳನ್ನೇ ಎರವಲು ಪಡೆಯುತ್ತಿತ್ತು. ಪುಸ್ತಕ ಮುಗಿಯುವ ಘಟ್ಟ 1905. ಆ ನವೆಂಬರಿನಲ್ಲಿ ಜಾರ್ಜ್‌ಟೌನಿನ ಹಡಗುಕಟ್ಟೆಯ ಹಮಾಲರು ಮುಷ್ಕರ ಹೂಡಿದರು, ಡಿಸೆಂಬರ್ 1ರಂದು ರೂಯಿಮ್‌ವೆಲ್ಟ್ ಎಸ್ಟೇಟಿನ ಬಳಿ ಪೊಲೀಸರು ಗುಂಡು ಹಾರಿಸಿದರು, ಯುದ್ಧನೌಕೆಗಳು ಬಂದವು. ಅದು ಕೂಡ ಮುಖ್ಯವಾಗಿ ಆಫ್ರಿಕನ್ನರ ಬಂಡಾಯ. ಎಸ್ಟೇಟಿನ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಸೇರಲಿಲ್ಲ.

ಹೀಗೆ ಬರೆಯುವಾಗ ಹೊರಗೆ ಏನಾಗುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1976ರಲ್ಲಿ ಬುಕರ್ ಕಂಪನಿಯ ಎಸ್ಟೇಟುಗಳು ರಾಷ್ಟ್ರೀಕರಣಗೊಂಡು ಸರ್ಕಾರವೇ ಕಬ್ಬಿನ ಧಣಿಯಾಯಿತು. 1977ರಲ್ಲಿ ಕಬ್ಬಿನ ಕೆಲಸಗಾರರು ಲಾಭದಲ್ಲಿ ಪಾಲು ಕೇಳಿ 135 ದಿನ ಮುಷ್ಕರ ಮಾಡಿದರು. ಅದನ್ನು ಮುರಿಯಲು ಸರ್ಕಾರ ಹೊರಗಿನಿಂದ ಆಳು ತಂದಿತು, ಹೆಚ್ಚಾಗಿ ಆಫ್ರಿಕನ್ನರನ್ನು. ಹಿಂದಿನ ಶತಮಾನದ ಮಾಲೀಕರ ತಂತ್ರ, ಜನಾಂಗಗಳ ಜಾಗ ಮಾತ್ರ ಅದಲುಬದಲು. ಇಷ್ಟರ ನಡುವೆಯೂ ರಾಡ್ನಿ ಹಳೆಯ ಕಾಲದ ಮೇಲೆ ಇಂದಿನ ಬಯಕೆಯನ್ನು ಹೇರಲಿಲ್ಲ. ವಿಶ್ವವಿದ್ಯಾಲಯದ ಸಂಬಳ ನಿಂತರೂ ವಿಶ್ವವಿದ್ಯಾಲಯ ಕಲಿಸಿದ ಶಿಸ್ತು ನಿಂತಿರಲಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಏಕತೆಯ ಕೆಲಸವನ್ನು ಅವರು ಮಾಡಿದ್ದು ಇನ್ನೊಂದು ಜಾಗದಲ್ಲಿ. ದೇಶದ ಒಂದೊಂದು ಜನಾಂಗ ಹೇಗೆ ಬಂತೆಂದು ಮಕ್ಕಳಿಗೆ ಹೇಳುವ ಕತೆಗಳನ್ನು ಬರೆಯತೊಡಗಿದ್ದರು. ಆಫ್ರಿಕಾದಿಂದ ಬಂದ ಕೋಫಿ ಬಾಡು ಎಂಬ ಹುಡುಗನ ಕತೆ 1980ರಲ್ಲಿ ಅಚ್ಚಾಯಿತು. ಭಾರತದಿಂದ ಬಂದ ಲಕ್ಷ್ಮಿಯ ಕತೆ ಹಸ್ತಪ್ರತಿಯಲ್ಲೇ ಉಳಿದು 2000ದಲ್ಲಿ ಹೊರಬಂತು.

ಬೆಂಕಿ, ಮೊಕದ್ದಮೆ, ಬಾಂಬು

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ರಾಡ್ನಿ ಎಂದರೆ ಸಾವಿನ ಕತೆ ಮಾತ್ರ ಎನ್ನುವಂತೆ ಬರೆದ ಪುಟಗಳು ಈಗಾಗಲೇ ಸಾಕಷ್ಟಿವೆ. 1979ರ ಜುಲೈ 11ರಂದು ಜಾರ್ಜ್‌ಟೌನಿನಲ್ಲಿ ಆಳುವ ಪಕ್ಷದ ಕಚೇರಿಯೂ ಮಂತ್ರಾಲಯವೂ ಇದ್ದ ಕಟ್ಟಡ ಸುಟ್ಟುಹೋಯಿತು. ರಾಡ್ನಿ, ರೂಪರ್ಟ್ ರೂಪ್‌ನರೈನ್, ಓಮಾವಾಲೆ ಅವರ ಮೇಲೆ ಬೆಂಕಿ ಹಚ್ಚಿದ ಆರೋಪ. 14ರಂದು ಅವರ ಪರ ನಡೆದ ಪ್ರದರ್ಶನದ ಫೋಟೋ ತೆಗೆಯುತ್ತಿದ್ದ ಪಾದ್ರಿ ಬರ್ನಾರ್ಡ್ ಡಾರ್ಕ್ ಅವರನ್ನು ಹಾಡಹಗಲೇ ಇರಿದು ಕೊಂದರು. ದೇಶ ಬಿಡುವಂತಿಲ್ಲ ಎಂಬ ನಿರ್ಬಂಧವಿದ್ದರೂ ರಾಡ್ನಿ 1980ರ ಏಪ್ರಿಲ್‌ನಲ್ಲಿ ನುಸುಳಿಕೊಂಡು ಜಿಂಬಾಬ್ವೆಯ ಸ್ವಾತಂತ್ರ್ಯೋತ್ಸವಕ್ಕೆ ಹೋಗಿ ಬಂದರು. ಜೂನ್ 13ರ ರಾತ್ರಿ ಕಾರಿನಲ್ಲಿ, ಸಹೋದರ ಡೊನಾಲ್ಡ್ ಪಕ್ಕದಲ್ಲಿದ್ದಾಗ, ಬಳಿಯಲ್ಲಿದ್ದ ವಾಕಿಟಾಕಿ ಸಿಡಿಯಿತು. ಅದನ್ನು ಕೊಟ್ಟಿದ್ದವನು ಗ್ರೆಗರಿ ಸ್ಮಿತ್, ಸೈನ್ಯದಲ್ಲಿದ್ದವನು. ಆತ ಫ್ರೆಂಚ್ ಗಯಾನಾಕ್ಕೆ ಪಾರಾದ. ರಾಡ್ನಿಗೆ 38 ವರ್ಷ.

ಪುಸ್ತಕ 1981ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರೆಸ್ಸಿನಿಂದ ಬಂತು, ಕಾದಂಬರಿಕಾರ ಜಾರ್ಜ್ ಲ್ಯಾಮಿಂಗ್ ಮುನ್ನುಡಿಯೊಂದಿಗೆ. 1982ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಅದಕ್ಕೆ ಬೆವರಿಜ್ ಪ್ರಶಸ್ತಿ ಕೊಟ್ಟಿತು. ಗಯಾನಾದ ಸರ್ಕಾರಿ ಕಾಗದದಲ್ಲಿ ಮಾತ್ರ ಬೇರೆಯೇ ದಾಖಲೆ: ಮರಣ ಪ್ರಮಾಣಪತ್ರದ ವೃತ್ತಿಯ ಕಾಲಮ್ಮಿನಲ್ಲಿ ‘ನಿರುದ್ಯೋಗಿ’. 2014ರಲ್ಲಿ ನೇಮಿಸಿದ ವಿಚಾರಣಾ ಆಯೋಗ 2016ರಲ್ಲಿ ವರದಿ ಕೊಟ್ಟು, ಹತ್ಯೆ ಪ್ರಭುತ್ವದ ಸಂಚು, ಬರ್ನ್‌ಹ್ಯಾಮ್‌ಗೆ ಅದರಲ್ಲಿ ಪಾಲಿತ್ತು ಎಂದಿತು. 2021ರಲ್ಲಿ ಸರ್ಕಾರ ಪ್ರಮಾಣಪತ್ರವನ್ನು ತಿದ್ದುವುದಾಗಿ ಘೋಷಿಸಿತು: ವೃತ್ತಿ ‘ಪ್ರಾಧ್ಯಾಪಕ’, ಸಾವು ‘ಹತ್ಯೆ’.

ಲಾಭನಷ್ಟ

ಈ ಪ್ರಕರಣವನ್ನು ಗೆಲುವಿನ ಕತೆಯಾಗಿ ಹೇಳುವವರಿದ್ದಾರೆ: ಕುರ್ಚಿ ಕಿತ್ತುಕೊಂಡರು, ಪುಸ್ತಕ ಕಿತ್ತುಕೊಳ್ಳಲಾಗಲಿಲ್ಲ ಎಂದು. ನನಗೆ ಅದು ಅರ್ಧ ಸತ್ಯ. ಊರಲ್ಲೇ ಉಳಿದದ್ದರಿಂದ ಪುಸ್ತಕಕ್ಕೆ ಆದ ಲಾಭ ನಿಜ. ತೂಬು, ಏರಿ, ಕೆಸರುಗಳ ಅಧ್ಯಾಯವನ್ನು ಹೊರದೇಶದ ಗ್ರಂಥಾಲಯದಲ್ಲಿ ಕೂತು ಹಾಗೆ ಬರೆಯಲಾಗುತ್ತಿರಲಿಲ್ಲ. ಗಣಿ ಮತ್ತು ಎಸ್ಟೇಟುಗಳ ಓಡಾಟವೂ ಕಡತಗಳನ್ನು ಓದುವ ಕಣ್ಣನ್ನು ಹರಿತ ಮಾಡಿರಬೇಕು.

ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆರು ವರ್ಷ ಅವರ ಕೈಕೆಳಗೆ ಸಂಶೋಧನೆ ಕಲಿಯಬೇಕಿದ್ದ ವಿದ್ಯಾರ್ಥಿಗಳು ಕಲಿಯಲಿಲ್ಲ. ದಾರ್ ಎಸ್ ಸಲಾಮಿನಲ್ಲಿ ಅವರು ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡು ವಲಸೆ ಕೂಲಿಗಳ ಕುರಿತು ಕೆಲಸ ಮಾಡಿದ್ದರು. ಅದರ ಫಲ ಅವರ ಸಾವಿನ ನಂತರವೂ ಪ್ರಕಟವಾಯಿತು. ಗಯಾನಾಕ್ಕೆ ಅಂಥ ತಂಡ ಸಿಗಲಿಲ್ಲ. ಬಾಟಮ್ ಹೌಸಿನ ಪಾಠ ಎಷ್ಟೇ ಜೀವಂತವಾಗಿದ್ದರೂ ಅಲ್ಲಿ ಯಾರೂ ಪೋರ್ಚುಗೀಸ್ ದಾಖಲೆ ಓದುವುದನ್ನಾಗಲೀ ಕೂಲಿ ಪಟ್ಟಿಗಳಿಂದ ಮುಷ್ಕರ ಲೆಕ್ಕ ಹಾಕುವುದನ್ನಾಗಲೀ ಕಲಿಯುವುದು ಕಷ್ಟ. ಅದಕ್ಕೆ ವಿಭಾಗ ಬೇಕು, ಗ್ರಂಥಾಲಯ ಬೇಕು, ತಿಂಗಳ ಸಂಬಳ ಬೇಕು. ಆಡಳಿತ ಮಂಡಳಿಯ ಆ ಒಂದು ಠರಾವು ತೆಗೆದುಹಾಕಿದ್ದು ಇವನ್ನು. ರಾಡ್ನಿಯವರ ಕಾಗದಪತ್ರಗಳು ಈಗ ಇರುವುದು ಅಮೆರಿಕದ ಅಟ್ಲಾಂಟಾದಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆಂದು ಬೆಳೆದ ಕಾಲೇಜುಗಳು ಒಟ್ಟಾಗಿ ನಡೆಸುವ ವುಡ್ರಫ್ ಗ್ರಂಥಾಲಯದಲ್ಲಿ.